ಝೂ ಇಲ್ಲದ ಟ್ರಿಪ್: ಚಿತ್ರ ನೋಡಲು ಹೊರಟ ಎಂಟನೇ ಕ್ಲಾಸು

ಮೈಸೂರಿಗೆ ಹತ್ತಿರವಿರುವ ಊರುಗಳ ಶಾಲೆಗಳಿಗೆ ಒಂದು ವಿಚಿತ್ರ ತೊಂದರೆ ಇದೆ. ಮೈಸೂರು ಇಷ್ಟು ಪಕ್ಕದಲ್ಲಿದೆಯಲ್ಲ, ಮಕ್ಕಳು ಎಲ್ಲ ನೋಡಿಯೇ ಇರುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನೋಡಿರುತ್ತಾರೆ, ನಿಜ. ಕೆ.ಆರ್. ಆಸ್ಪತ್ರೆ, ದೇವರಾಜ ಮಾರ್ಕೆಟ್, ದಸರಾ ವಸ್ತುಪ್ರದರ್ಶನ, ಝೂ. ಆದರೆ ಚಿತ್ರಶಾಲೆಯಾಗಿರುವ ಜಗನ್ಮೋಹನ ಅರಮನೆಯ ಒಳಗೆ ಹೋದವರು ಯಾರು ಎಂದು ಕೇಳಿದರೆ ಒಂದು ತರಗತಿಯಲ್ಲಿ ನಾಲ್ಕು ಕೈ ಮೇಲೆದ್ದರೆ ಜಾಸ್ತಿ.

ಈ ಪ್ರಕರಣ ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯದು. ಹೆಸರು ಬೇಡ. ನಾನು ಆ ಶಾಲೆಯವನಲ್ಲ, ಪಕ್ಕದ ಹೋಬಳಿಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಮಕ್ಕಳ ಜೊತೆಗೆ ಇನ್ನೊಬ್ಬರು ದೊಡ್ಡವರು ಬೇಕು ಅಂದರು, ಹೋದೆ. ಹೋದ ಮೇಲೆ ಸುಮ್ನೆ ಇರಲಾಗದೆ ಬರೆಯುತ್ತಿದ್ದೇನೆ.

ಆ ಶಾಲೆಯ ಪ್ರವಾಸ ಪ್ರತಿ ವರ್ಷ ಒಂದೇ ಥರ ನಡೆಯುತ್ತಿತ್ತು. ಬೆಳಗಿನ ಕತ್ತಲಲ್ಲೇ ಬಸ್ಸು. ಚಾಮುಂಡಿ ಬೆಟ್ಟ, ಝೂ, ದೊಡ್ಡ ಅರಮನೆ, ಸಮಯ ಮಿಕ್ಕಿದರೆ ಜಗನ್ಮೋಹನ, ಸಂಜೆ ಕೆಆರ್‌ಎಸ್‌ನ ಬೃಂದಾವನದಲ್ಲಿ ಕಾರಂಜಿ. ವಾಪಸ್ಸು ಬರುವಾಗ ಅರ್ಧ ಮಕ್ಕಳು ನಿದ್ದೆ, ಇನ್ನರ್ಧ ವಾಂತಿ. ಗ್ಯಾಲರಿಯಲ್ಲಿ ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರುವುದು. ಏನು ನೋಡಿದಿರಿ ಎಂದು ಕೇಳಿದರೆ ಮಕ್ಕಳು ಎರಡು ಹೇಳುತ್ತಿದ್ದರು. ಒಂದು, ಸಿಪಾಯಿ ಗೊಂಬೆಗಳು ಓಡಾಡುವ ಫ್ರೆಂಚ್ ಗಡಿಯಾರ. ಇನ್ನೊಂದು, ಅಕ್ಕಿ ಕಾಳಿನ ಮೇಲೆ ಬರೆದ ಚಿತ್ರ. ಎರಡೂ ಚೆನ್ನಾಗಿವೆ, ಬೇಡವೆನ್ನುವುದಿಲ್ಲ. ಆದರೆ ಮೂರು ಮಹಡಿ ತುಂಬ ಇರುವ ಬಣ್ಣದಲ್ಲಿ ಮಕ್ಕಳ ಕಣ್ಣಿಗೆ ಏನೂ ಅಂಟಲಿಲ್ಲ ಎಂದರೆ ಏನೋ ಸರಿಯಿಲ್ಲ ಅಲ್ವಾ?

ಮಕ್ಕಳನ್ನು ಮಾತ್ರ ಬೈಯುವುದು ನ್ಯಾಯವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದಿದ್ದರು, 2001ರಲ್ಲಿ ಅದು ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಜನ 17 ಸೆಕೆಂಡೂ ನಿಂತಿರಲಿಲ್ಲ. ದುಡ್ಡು ಕೊಟ್ಟು, ಬೇಕು ಎಂದೇ ಬಂದ ದೊಡ್ಡವರ ಕತೆಯೇ ಹೀಗೆ. ಹಿಂದಿನಿಂದ ಪಿಟಿ ಮೇಷ್ಟ್ರು "ಮುಂದೆ ನಡೀರಿ, ನಡೀರಿ" ಎನ್ನುತ್ತಿದ್ದರೆ ಹದಿಮೂರರ ಹುಡುಗ ಏನು ನೋಡುತ್ತಾನೆ?

ಆ ಶಾಲೆಯ ಅದೃಷ್ಟ, ಅಲ್ಲಿ ಚಿತ್ರಕಲೆಗೆ ಒಬ್ಬರು ಟೀಚರ್ ಇದ್ದಾರೆ. ಎಷ್ಟೋ ಪ್ರೌಢಶಾಲೆಗಳಲ್ಲಿ ಆ ಹುದ್ದೆ ಖಾಲಿ, ಇಲ್ಲವೇ ಆ ಪೀರಿಯಡ್ಡು ಗಣಿತಕ್ಕೆ ಹೋಗಿರುತ್ತದೆ. ಈ ಮೇಡಂ ಒಂದು ಬೇಡಿಕೆ ಇಟ್ಟರು. ಎಂಟನೇ ತರಗತಿಯನ್ನು ಮಾತ್ರ ಕೊಡಿ. ದೊಡ್ಡ ಟ್ರಿಪ್ ಬೇಡ, ಎರಡು ಸಣ್ಣ ಟ್ರಿಪ್ ಮಾಡೋಣ. ಒಂದು ಶನಿವಾರ ಶ್ರೀರಂಗಪಟ್ಟಣದ ದರಿಯಾ ದೌಲತ್, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆ, ಇನ್ನೊಂದು ದಿನ ಮೈಸೂರು. ಒಟ್ಟು ಐದು ಚಿತ್ರ ನೋಡಿದರೆ ಸಾಕು.

"ಐದು ಚಿತ್ರ ನೋಡೋಕೆ ಮೈಸೂರಿಗಾ?" ಎಂದು ಹೆಡ್‌ಮಾಸ್ಟರ್ ಕೇಳಿದರಂತೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇನ್ನೂ ಜೋರಾಯಿತು. "ಝೂ ಇಲ್ದೆ ಎಂಥ ಟ್ರಿಪ್ಪು ಮೇಡಂ? ಟಿಪ್ಪು ಬೇಸಿಗೆ ಅರಮನೆ ಇಲ್ಲೇ ಐತಲ್ಲ, ಯಾವತ್ತಾದ್ರೂ ನೋಡ್ಕತಾರೆ ಬುಡಿ." ಈ ಮಾತಿನಲ್ಲೇ ಇಡೀ ಸಮಸ್ಯೆ ಕೂತಿದೆ. ಯಾವತ್ತಾದರೂ ನೋಡಬಹುದಾದ್ದನ್ನು ಯಾವತ್ತೂ ಯಾರೂ ನೋಡುವುದಿಲ್ಲ. ಟಿಪ್ಪು ಹೆಸರು ಬಂದ ಕೂಡಲೇ ಪರ-ವಿರೋಧದ ಮಾತೂ ಬಂತು, ಈಗ ಅದು ಎಲ್ಲಿ ಬರುವುದಿಲ್ಲ? ಮೇಡಂ ಅದಕ್ಕೆ ಇಳಿಯಲಿಲ್ಲ. ಗೋಡೆ ಮೇಲೆ ಏನಿದೆಯೋ ಅದನ್ನು ನೋಡಿ ಬರುತ್ತೇವೆ ಎಂದಷ್ಟೇ ಹೇಳಿದರು.

"ಇದರಿಂದ ಪರೀಕ್ಷೆಗೆ ಏನಾದ್ರೂ ಉಪಯೋಗ ಉಂಟಾ?" ಎಂದೂ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅಮೆರಿಕದ ಅರ್ಕಾನ್ಸಾಸ್‌ನಿಂದ ಸಿಗುತ್ತದೆ. ಅಲ್ಲಿನ ಬೆಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎಂಬ ದೊಡ್ಡ ಕಲಾ ಮ್ಯೂಸಿಯಂ ತೆರೆಯಿತು. ಭೇಟಿಗೆ ಅರ್ಜಿ ಹಾಕಿದ ಶಾಲೆಗಳು ಜಾಸ್ತಿಯಾದವು, ಹಾಗಾಗಿ ಲಾಟರಿ ಎತ್ತಿದರು. ಸಂಶೋಧಕರಿಗೆ ಅದೇ ವರವಾಯಿತು. ಹೋದವರು, ಹೋಗದೆ ಉಳಿದವರು, ಇಬ್ಬರನ್ನೂ ಹೋಲಿಸಿ ನೋಡಬಹುದಾಯಿತು. 123 ಶಾಲೆಗಳ ಸುಮಾರು 11,000 ಮಕ್ಕಳು. ಒಂದೇ ಒಂದು ಅರ್ಧ ದಿನದ ಭೇಟಿ. ಹೋಗಿ ಬಂದ ಮಕ್ಕಳು ಹೊಸ ಚಿತ್ರವೊಂದನ್ನು ಕೊಟ್ಟಾಗ ಜಾಸ್ತಿ ಗಮನಿಸಿ, ಕಾರಣ ಕೊಟ್ಟು ಬರೆದರು. ಹಳ್ಳಿ ಮಕ್ಕಳಲ್ಲಿ, ಬಡ ಮಕ್ಕಳಲ್ಲಿ ಈ ಬದಲಾವಣೆ ಇನ್ನೂ ದೊಡ್ಡದಾಗಿ ಕಂಡಿತು.

ಆ ಅಧ್ಯಯನದಲ್ಲಿ ನಮ್ಮ ಮಂಡ್ಯದವರಿಗೆ ಹಿಡಿಸುವ ವಿಷಯವೊಂದಿದೆ. ಅಲ್ಲಿ ಮಕ್ಕಳು ನೋಡಿದ ಒಂದು ಚಿತ್ರ ಈಸ್ಟ್‌ಮನ್ ಜಾನ್ಸನ್‌ದು. ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವ ಜನರ ಚಿತ್ರ. ಗುಲಾಮರ ದುಡಿಮೆಯಿಂದ ಬರುವ ಕಬ್ಬಿನ ಸಕ್ಕರೆ ಬೇಡ ಎಂದು ಗುಲಾಮಗಿರಿಯ ವಿರೋಧಿಗಳು ಈ ಸಕ್ಕರೆಗೆ ತಿರುಗಿದ್ದರು ಎಂದು ಮಕ್ಕಳಿಗೆ ಹೇಳಿದ್ದರು. ವಾರಗಳ ನಂತರ ಕೇಳಿದಾಗ ಶೇಕಡಾ 88ರಷ್ಟು ಮಕ್ಕಳು ಅದನ್ನು ನೆನಪಿಟ್ಟಿದ್ದರು. ಪರೀಕ್ಷೆ ಇಲ್ಲ, ನೋಟ್ಸ್ ಇಲ್ಲ. ಕಬ್ಬಿನ ಲಾರಿ ಹಿಂದೆ ಓಡುತ್ತಾ ಬೆಳೆದ ಮಕ್ಕಳಿಗೆ ಈ ಚಿತ್ರ ತೋರಿಸಿದರೆ ಅದಕ್ಕಿಂತ ಜಾಸ್ತಿಯೇ ನೆನಪಿಡುತ್ತಾರೆ ಎಂದು ನನ್ನ ಅನಿಸಿಕೆ.

ಕೊನೆಗೆ ಸಭೆಯನ್ನು ಒಪ್ಪಿಸಿದ್ದು ಈ ಅಧ್ಯಯನವಲ್ಲ, ಖರ್ಚಿನ ಲೆಕ್ಕ. ಬಸ್ ಬಾಡಿಗೆ ಇಲ್ಲ, ಪಾಂಡವಪುರ ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದರೆ ಗಂಡುಮಕ್ಕಳಿಗೆ ಟಿಕೆಟ್. ಆಧಾರ್ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದವಳು ಒಬ್ಬಳಾದರೂ ಇರುತ್ತಾಳೆ. ಅದರ ಗಲಾಟೆಗಿಂತ ಎಲ್ಲರಿಗೂ ರೈಲೇ ವಾಸಿ ಅನ್ನಿಸಿತು. ದರಿಯಾ ದೌಲತ್ ಪುರಾತತ್ವ ಇಲಾಖೆಯದು, ಅಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಎಂಟನೇ ತರಗತಿಯನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಮೈಸೂರಿನಲ್ಲಿ ರೈಲು ಇಳಿದರೆ ಜಗನ್ಮೋಹನವೂ ಕಲಾಮಂದಿರವೂ ನಡೆದು ಹೋಗುವಷ್ಟೇ ದೂರ. ಊಟಕ್ಕೆ ಬಿಸಿಯೂಟದ ಅಡುಗೆಯವರೇ ಚಿತ್ರಾನ್ನ ಕಟ್ಟಿಕೊಟ್ಟರು. ಬಿಇಒ ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಇವೆಲ್ಲ ಎಂದಿನಂತೆ.

ಹೋಗುವ ಮೊದಲು

ಮೇಡಂ ಹಿಂದಿನ ಎರಡು ವಾರ ಚಿತ್ರಕಲಾ ಪೀರಿಯಡ್ಡಿನಲ್ಲಿ ಮಕ್ಕಳ ಕೈಗೆ ಪೆನ್ಸಿಲ್ ಕೊಡಲೇ ಇಲ್ಲ. ಮನೆಯಿಂದ ಹಳೇ ಕ್ಯಾಲೆಂಡರ್ ತರಿಸಿದರು. ಲಕ್ಷ್ಮಿ, ಸರಸ್ವತಿ, ಶಿವ, ಎಲ್ಲ ಬಂದರು. ಒಂದೊಂದನ್ನೂ ಗೋಡೆಗೆ ಅಂಟಿಸಿ ಮೂರೇ ಪ್ರಶ್ನೆ ಕೇಳುತ್ತಿದ್ದರು. ಇಲ್ಲಿ ಏನು ನಡೀತಾ ಇದೆ? ಯಾಕೆ ಹಾಗನ್ನಿಸಿತು? ಇನ್ನೇನು ಕಾಣ್ತಾ ಇದೆ? ಈ ಪ್ರಶ್ನೆಗಳು ಅವರ ಸ್ವಂತದ್ದಲ್ಲ. ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ಎಂಬಿಬ್ಬರು ರೂಪಿಸಿದ ಪದ್ಧತಿ, ಎಷ್ಟೋ ದೇಶಗಳ ಮ್ಯೂಸಿಯಂಗಳಲ್ಲಿ ಬಳಕೆಯಲ್ಲಿದೆ. ಎರಡನೇ ಪ್ರಶ್ನೆಯೇ ಮುಖ್ಯ. "ಸರಸ್ವತಿ ಬೇಜಾರಲ್ಲಿದಾಳೆ" ಎಂದವನು ಚಿತ್ರದಲ್ಲೇ ಸಾಕ್ಷಿ ತೋರಿಸಬೇಕು. ಮೊದಮೊದಲು ಮಕ್ಕಳು ಮೇಡಂ ಮುಖ ನೋಡುತ್ತಿದ್ದರಂತೆ, ಸರಿ ಉತ್ತರ ಅಲ್ಲಿ ಬರೆದಿದೆಯೋ ಎಂಬಂತೆ.

ಕ್ಯಾಲೆಂಡರ್ ಯಾಕೆ ಎಂಬುದಕ್ಕೂ ಕಾರಣ ಇತ್ತು. ರಾಜಾ ರವಿವರ್ಮ 1890ರ ದಶಕದಲ್ಲಿ ಮುಂಬೈ ಬಳಿ ಪ್ರೆಸ್ ಹಾಕಿ ದೇವರ ಚಿತ್ರಗಳನ್ನು ಅಚ್ಚು ಹಾಕಿಸಿದರು. ಅರಮನೆ ಗೋಡೆಯ ಮೇಲಿದ್ದ ಶೈಲಿ ಹೀಗೆ ಪೂಜೆ ಕೋಣೆಗೆ ಬಂತು. ಮೈಸೂರು ಅರಮನೆಗಾಗಿಯೂ ಅವರು ಚಿತ್ರ ಬರೆದರು. ಹಾಗಾಗಿ ಜಗನ್ಮೋಹನದಲ್ಲಿ ರವಿವರ್ಮನ ಮುಂದೆ ನಿಂತಾಗ ಮಕ್ಕಳಿಗೆ ಅಪರಿಚಿತ ಎನ್ನಿಸಬಾರದು, ಇದು ನಮ್ಮ ಮನೆಯದೇ ಅನ್ನಿಸಬೇಕು. ಇದು ಬಹಳ ಚುರುಕಾದ ಯೋಚನೆ ಎಂದು ನನಗನ್ನಿಸಿತು.

ಶ್ರೀರಂಗಪಟ್ಟಣದ ಶನಿವಾರ

ದರಿಯಾ ದೌಲತ್‌ಗೆ ಎಲ್ಲರೂ ತೋಟ ನೋಡಲು ಹೋಗುತ್ತಾರೆ. ಟಿಪ್ಪು 1784ರಲ್ಲಿ ಕಟ್ಟಿಸಿದ, ಬಹುಪಾಲು ಮರದ ಅರಮನೆ. ಹೊರಗಿನಿಂದ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಹತ್ತಿರ ಹೋದರೆ ಮಾತ್ರ ಗೋಡೆಯ ತುಂಬ ಚಿತ್ರ ಇರುವುದು ಗೊತ್ತಾಗುತ್ತದೆ. ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ದಿನ.

ಮೇಡಂ ಮಕ್ಕಳನ್ನು ಆ ಗೋಡೆಯ ಮುಂದೆ ನೆಲದ ಮೇಲೆ ಕೂರಿಸಿದರು. ಯಾರು, ಯಾವಾಗ, ಏನು ಎಂದು ಒಂದು ಮಾತೂ ಹೇಳಲಿಲ್ಲ. ನನಗೆ ಕಿರಿಕಿರಿ ಆಗುತ್ತಿತ್ತು. ಇಸವಿ ಹೇಳಿ ಅಭ್ಯಾಸವಾದ ಬಾಯಿ ನೋಡಿ! ಮೊದಲ ಐದು ನಿಮಿಷ ಮಕ್ಕಳು ಕುದುರೆ, ಆನೆ, ಕತ್ತಿ ಎಂದು ಎಣಿಸಿದರು. ಆಮೇಲೆ ಒಬ್ಬ ಹುಡುಗಿ, "ಮಿಸ್, ಕೆಂಪು ಕೋಟಿನವರೆಲ್ಲ ಚೌಕಾಕಾರದಲ್ಲಿ ನಿಂತವ್ರೆ" ಎಂದಳು. ಅಲ್ಲಿಂದ ಚಿತ್ರ ಬಿಚ್ಚಿಕೊಳ್ಳತೊಡಗಿತು. ಚೌಕದ ನಡುವೆ ಏನೋ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕೂತವನು ಬಾಯಿಗೆ ಬೆರಳು ಇಟ್ಟುಕೊಂಡಿದ್ದಾನೆ. ಅವನಿಗೆ ಭಯವೋ, ಯೋಚನೆಯೋ? ಇದರ ಮೇಲೆ ಎರಡು ಗುಂಪಾಗಿ ವಾದ. ಇನ್ನೊಬ್ಬನ ಕೈಯಲ್ಲಿ ದುರ್ಬೀನು. ಇಷ್ಟು ಗಲಾಟೆಯಲ್ಲಿ ಟಿಪ್ಪು ಮಾತ್ರ ಹೂವು ಮೂಸುತ್ತಾ ಕೂತಿದ್ದಾನೆ, "ಗೆದ್ದೇ ಗೆಲ್ತೀನಿ ಅಂತ ಗೊತ್ತಿರ್ಬೇಕು" ಎಂದು ಒಬ್ಬ ಹುಡುಗನ ತೀರ್ಪು.

ಇಷ್ಟಾದ ಮೇಲೆ ಮೇಡಂ ನನ್ನ ಕಡೆ ತಿರುಗಿ, "ಈಗ ಹೇಳಿ ಸರ್" ಎಂದರು. ಸಿಡಿಯುತ್ತಿರುವುದು ಮದ್ದುಗುಂಡಿನ ಬಂಡಿ, ಪಲ್ಲಕ್ಕಿಯಲ್ಲಿರುವವನು ಬೇಯ್ಲಿ ಎಂದು ಹೇಳಿದೆ. ಮಕ್ಕಳು ಕೇಳಿಸಿಕೊಂಡ ರೀತಿ ನೋಡಬೇಕಿತ್ತು. ಅದೇ ಮಾತನ್ನು ತರಗತಿಯಲ್ಲಿ ಹೇಳಿದಾಗ ಕಿಟಕಿ ಆಚೆ ನೋಡುವ ವಯಸ್ಸು ಅದು. ಇಲ್ಲಿ ಪ್ರಶ್ನೆ ಮೊದಲೇ ಅವರದಾಗಿತ್ತು, ನಾನು ಉತ್ತರ ಕೊಟ್ಟೆ ಅಷ್ಟೆ.

ಆಮೇಲೆ ಮೇಡಂ ಒಂದು ಬಾಂಬು ಹಾಕಿದರು. "ನೀವು ನೋಡಿದ ಬಣ್ಣ ಟಿಪ್ಪು ಕಾಲದ್ದಲ್ಲ." 1799ರ ಮುತ್ತಿಗೆಗೆ ಮೊದಲೇ ಈ ಚಿತ್ರಗಳು ಹಾಳಾಗಿದ್ದವು. ಟಿಪ್ಪು ಸತ್ತ ಮೇಲೆ ಇದೇ ಅರಮನೆಯಲ್ಲಿ ಇದ್ದ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿ ಮಾಡಿಸಿದ. ಮತ್ತೆ ಮಾಸಿದವು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದವನು ಹಳೆಯ ಚಿತ್ರ ಗೊತ್ತಿದ್ದ ಇಲ್ಲಿನ ಕಲಾವಿದನಿಂದ ಪುನಃ ಬರೆಸಿದ. ಅಂದರೆ ಇಂಗ್ಲಿಷರು ಸೋತ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು. ಯಾಕೆ ಸರ್ ಎಂದು ಮಕ್ಕಳು ನನ್ನನ್ನು ಕೇಳಿದರು. ರೈಲು ಬರುವವರೆಗೂ ಅದೇ ಚರ್ಚೆ. ಒಬ್ಬ ಹೇಳಿದ್ದು ನನಗೆ ಹಿಡಿಸಿತು: "ಸೋತಿದ್ದನ್ನ ಮೊದಲು ತೋರಿಸಿದ್ರೆ ಆಮೇಲೆ ಗೆದ್ದಿದ್ದು ದೊಡ್ಡದಾಗಿ ಕಾಣುತ್ತೆ ಸರ್." ಇತಿಹಾಸ ಓದಿದವರೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ.

ಪೂರ್ವದ ಗೋಡೆಗೆ ಸಮಯ ಸಾಲಲಿಲ್ಲ. ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ ಅಲ್ಲಿದ್ದಾರೆ ಎಂದು ಕೈ ತೋರಿಸಿ ಹೊರಟೆವು.

ಮೈಸೂರು

ಇದು ಅಷ್ಟು ಸಲೀಸಾಗಿರಲಿಲ್ಲ. ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ನೂಕುನುಗ್ಗಲು. ಮಕ್ಕಳೆಲ್ಲ ಒಂದೇ ಬೋಗಿಯಲ್ಲಿ ಹತ್ತಲಾಗಲಿಲ್ಲ. ಮೈಸೂರಿನಲ್ಲಿ ಇಳಿದು ತಲೆ ಎಣಿಸಿ ಲೆಕ್ಕ ಸರಿ ಬರುವವರೆಗೆ ಹೆಡ್‌ಮಾಸ್ಟರ್ ಮುಖ ನೋಡುವಂತಿರಲಿಲ್ಲ.

ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನ ಇಲ್ಲಿಗೇ ಬಂತು. 1915ರಿಂದ ಇದು ಚಿತ್ರಶಾಲೆ. ಈಗಿನ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಕೋಣೆಗಳು ದೊಡ್ಡವಲ್ಲ. ಒಂದು ಚಿತ್ರದ ಮುಂದೆ ಇಡೀ ತರಗತಿ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಜಡೆ. ಇದನ್ನು ಮೊದಲೇ ಬಂದು ನೋಡಿ ಹೋಗಿದ್ದ ಮೇಡಂ ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಬೇರೆ ಬೇರೆ ಕಡೆಯಿಂದ ಶುರು ಮಾಡಲು ಹೇಳಿದ್ದರು. ಈ ಒಂದು ಏರ್ಪಾಟು ಇಲ್ಲದಿದ್ದರೆ ದಿನವೇ ಕೆಡುತ್ತಿತ್ತು. ಗ್ಯಾಲರಿಗೆ ಮಕ್ಕಳನ್ನು ಕರೆದೊಯ್ಯುವ ಯಾರೇ ಆಗಲಿ, ಮೊದಲು ತಾವೊಬ್ಬರೇ ಒಂದು ಸಲ ಹೋಗಿ ಬಾಗಿಲು, ಮೆಟ್ಟಿಲು, ಶೌಚಾಲಯ ನೋಡಿ ಬರಬೇಕು. ಚಿತ್ರ ಆಮೇಲೆ.

ಆ ದಿನದ ತಿರುಳು ಎಸ್.ಎಲ್. ಹಲ್ದನ್‌ಕರ್ ಅವರ ದೀಪದ ಹುಡುಗಿ. ಕತ್ತಲ ಜಾಗದಲ್ಲಿ ಇಟ್ಟಿರುವ ಚಿತ್ರ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅಡ್ಡ ಇಟ್ಟು ನಿಂತ ಹೆಣ್ಣುಮಗಳು. ಬೆರಳ ಸಂದಿನಲ್ಲಿ ಬೆಳಕು ಕೆಂಪಾಗಿ ತೂರಿ ಬರುತ್ತದೆ. ಮೈಸೂರಿನಲ್ಲಿ ಅರ್ಧಕ್ಕರ್ಧ ಜನ ಇದನ್ನು ರವಿವರ್ಮನ ಚಿತ್ರ ಎಂದೇ ನಂಬಿದ್ದಾರೆ, ನನ್ನ ಮಾವನೂ ಸೇರಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬಂದದ್ದು 1940ರ ದಶಕದ ಮಧ್ಯದಲ್ಲಿ. ಹಲ್ದನ್‌ಕರ್ ಸಾವಂತವಾಡಿಯವರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಚಿತ್ರದ ಹುಡುಗಿ ಮೊನ್ನೆ ಮೊನ್ನೆವರೆಗೆ ಇದ್ದಳು ಎಂದಾಗ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ.

ಆದರೆ ಅವರನ್ನು ನಿಜಕ್ಕೂ ಹಿಡಿದದ್ದು ಬೇರೆ ವಿಷಯ. ಇದು ಜಲವರ್ಣ. ಅವರ ಚೀಲದಲ್ಲಿರುವ ಹತ್ತಾರು ರೂಪಾಯಿ ಡಬ್ಬಿಯ ಜಾತಿಯ ಬಣ್ಣ. ಎಣ್ಣೆಬಣ್ಣದಲ್ಲಾದರೆ ತಪ್ಪಿದ ಕಡೆ ಮೇಲೆ ಬಳಿಯಬಹುದು. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನು ಬಿಟ್ಟುಕೊಂಡೇ ಬರಬೇಕು, ಕತ್ತಲನ್ನು ಮಾತ್ರ ಬರೆಯುವುದು. "ಹಂಗಾದ್ರೆ ದೀಪ ಬರೆದೇ ಇಲ್ವಾ ಮಿಸ್?" ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆಗೆ ನನ್ನ ಪ್ರಕಾರ ಇಡೀ ಟ್ರಿಪ್ಪಿನ ಖರ್ಚು ಸಂದಾಯವಾಯಿತು.

ಹೊರಗೆ ಬಂದು ಚಿತ್ರಾನ್ನ ತಿಂದು ಕಲಾಮಂದಿರದ ಕಡೆ ನಡೆದೆವು. ಅಲ್ಲಿ ರಂಗಾಯಣ ಇರುವ ಆವರಣದಲ್ಲೇ ಸುಚಿತ್ರಾ ಆರ್ಟ್ ಗ್ಯಾಲರಿ. ರಾಜರ ಕಾಲದ್ದನ್ನು ನೋಡಿದ ಕಣ್ಣಿಗೆ ಈಗಿನವರ ಕೆಲಸವನ್ನೂ ತೋರಿಸಬೇಕು ಎಂಬುದು ಉದ್ದೇಶ. ಚಿತ್ರ ಬರೆದವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಮೈಸೂರಿನ ಸರ್ಕಾರಿ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದಿ ಬಂದ ಯುವಕ. ಮಕ್ಕಳ ಮೊದಲ ಪ್ರಶ್ನೆ, "ಇದು ಎಷ್ಟು ರೂಪಾಯಿ?" ಎರಡನೆಯದು, "ಮಾರಾಟ ಆಗ್ತವಾ?" ಮೂರನೆಯದು, "ನಿಮ್ಮಪ್ಪ ಬೈಲಿಲ್ವಾ?" ಆತ ಮೂರಕ್ಕೂ ನಕ್ಕು ನಿಜವಾದ ಉತ್ತರ ಕೊಟ್ಟ. ಚಿತ್ರಕಲೆ ಕಲಿಯಲು ಮೈಸೂರಿನಲ್ಲೇ ಹೀಗೊಂದು ಸರ್ಕಾರಿ ಕಾಲೇಜು ಇದೆ ಎಂಬ ವಿಷಯ ಆ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿತ್ರಗಳ ಮಟ್ಟಿಗೆ ಹೇಳುವುದಾದರೆ ಆ ಪ್ರದರ್ಶನ ಸಾಧಾರಣ. ಆದರೆ ಬರೆದವನು ಎದುರಿಗಿದ್ದದ್ದು ದೊಡ್ಡದು.

ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆಯುವ ಒಬ್ಬರ ಮನೆಗೂ ಹೋಗುವ ಯೋಚನೆ ಇತ್ತು. ಗೆಸ್ಸೊ ಎಂಬ ಅಂಟುಮಿಶ್ರಣದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು ಕೂರಿಸುವುದು, ಇದನ್ನೆಲ್ಲ ಕೈಯಳತೆಯಲ್ಲಿ ನೋಡಬಹುದಿತ್ತು. ವಾಪಸ್ ರೈಲಿನ ಸಮಯ ನೋಡಿ ಬಿಟ್ಟೆವು. ಮಕ್ಕಳೂ ಸುಸ್ತಾಗಿದ್ದರು. ಮೂರನೇ ಜಾಗ ಎಂದರೆ ಯಾವ ಮಗುವಿಗೂ ಕಾಲು ನೋವು ಶುರುವಾಗುತ್ತದೆ.

ಬಂದ ಮೇಲೆ

ಮರುವಾರ ಮೇಡಂ ಪ್ರಬಂಧ ಬರೆಸಲಿಲ್ಲ. "ನಾವು ಕೈಗೊಂಡ ಪ್ರವಾಸ" ಎಂದು ಶುರುವಾಗುವ ಆ ಎರಡು ಪುಟದಿಂದ ಯಾರಿಗೆ ಏನು ಲಾಭ? ಬದಲಿಗೆ ಜಲವರ್ಣದಲ್ಲಿ ಒಂದು ಬೆಳಕು ತೋರಿಸಿ ಎಂದರು. ಒಬ್ಬ ಕಬ್ಬಿನ ಗದ್ದೆಯಲ್ಲಿ ರಾತ್ರಿ ಟಾರ್ಚ್ ಹಿಡಿದು ನೀರು ಕಟ್ಟುವ ಅಪ್ಪನನ್ನು ಬರೆದ. ಇನ್ನೊಬ್ಬಳದು ಆಲೆಮನೆಯ ಒಲೆ. ಮೊಬೈಲ್ ಬೆಳಕು ಮುಖಕ್ಕೆ ಬಿದ್ದ ಅಣ್ಣಂದಿರು ಬಹಳ ಜನ. ಅರ್ಧದಷ್ಟು ಚಿತ್ರಗಳಲ್ಲಿ ಬಣ್ಣ ಹರಿದು ಕೆಸರಾಗಿತ್ತು, ಅದೂ ಸರಿಯೇ. ಕಾಗದ ಬಿಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಗೊತ್ತಾಯಿತಲ್ಲ.

ಎಲ್ಲ ಮಕ್ಕಳಿಗೂ ಇದು ಹಿಡಿಸಿತು ಎಂದರೆ ಸುಳ್ಳು. ಕೆಲವರು ಝೂ ಇಲ್ಲದ್ದಕ್ಕೆ ಕೊನೆವರೆಗೂ ಮುನಿಸಿಕೊಂಡಿದ್ದರು. ಅವರ ದೂರಿನಲ್ಲೂ ಸತ್ಯವಿದೆ, ಟ್ರಿಪ್ ಎಂದರೆ ಕುಣಿಯುವುದೂ ಹೌದು. ನನ್ನ ಅಭಿಪ್ರಾಯ ಕೇಳಿದರೆ ಝೂ ಟ್ರಿಪ್ ಇರಲಿ, ಅದು ಬೇರೆ ದಿನ ಇರಲಿ. ಎರಡನ್ನೂ ಒಂದೇ ಬಸ್ಸಿಗೆ ತುಂಬಿದರೆ ಸೋಲುವುದು ಯಾವಾಗಲೂ ಚಿತ್ರವೇ. ಹುಲಿಯ ಎದುರು ರವಿವರ್ಮ ಎಲ್ಲಿ ಗೆಲ್ಲುತ್ತಾನೆ?

ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಎರಡು ಷರತ್ತಿನ ಮೇಲೆ. ಇನ್ನು ಮುಂದೆ ರೈಲಿನಲ್ಲಿ ಆಫೀಸ್ ಹೊತ್ತಿಗೆ ಹೋಗುವಂತಿಲ್ಲ, ಅದಾದ ಮೇಲಿನ ರೈಲು ಹಿಡಿಯಬೇಕು. ಇನ್ನೊಬ್ಬರು ಟೀಚರ್ ಜೊತೆಗಿರಬೇಕು. ಮುಂದಿನ ಸಲಕ್ಕೆ ಮೇಡಂ ಕಣ್ಣು ಸೋಮನಾಥಪುರದ ಮೇಲಿದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ಯುನೆಸ್ಕೊ ಪಟ್ಟಿಗೆ ಸೇರಿದೆ. ಅಲ್ಲಿನ ಶಿಲ್ಪಿಗಳಲ್ಲಿ ಮಲ್ಲಿತಮ್ಮ ಎಂಬಾತ ತನ್ನ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಮಕ್ಕಳಿಗೆ ಕೊಡುವ ಕೆಲಸವೂ ಅಷ್ಟೇ, ಆ ಹೆಸರು ಹುಡುಕುವುದು. ತೊಂದರೆ ಏನೆಂದರೆ ಅಲ್ಲಿಗೆ ರೈಲಿಲ್ಲ. ಬನ್ನೂರಿನ ಮೇಲೆ ಬಸ್ ಬದಲಿಸಿ ಹೋಗಬೇಕು, ಇಲ್ಲವೇ ಬಾಡಿಗೆ ಬಸ್ ಮಾಡಬೇಕು. ಬಾಡಿಗೆಯ ಲೆಕ್ಕ ಈಗ ಎಸ್‌ಡಿಎಂಸಿ ಮುಂದಿದೆ. ಬಸ್ಸೇ ಮಾಡುವುದಾದರೆ ಹಾಗೇ ಝೂ ಕಡೆಯಿಂದ ಬಂದರೆ ಹೇಗೆ ಎಂದು ಒಬ್ಬರು ಆಗಲೇ ಕೇಳಿದ್ದಾರೆ.